ಕಡಾಣಿ ಸಡಿಲವಾದರೆ ಗಾಡಿ ನಿಲ್ಲಿಸಬೇಕು

ಮೊನ್ನೆ ಒಂಬತ್ತನೇ ತರಗತಿಯಲ್ಲಿ 'ಕೆಲಸ ಮತ್ತು ಶಕ್ತಿ' ಪಾಠ ಮುಗಿಸಿ, "ಏನಾದರೂ ಪ್ರಶ್ನೆ ಇದ್ದರೆ ಕೇಳಿ" ಎಂದೆ. ಈ ಮಾತು ಹೇಳಿದ ಕೂಡಲೇ ತರಗತಿ ನಿಶ್ಶಬ್ದವಾಗುವುದು ವಾಡಿಕೆ. ಆದರೆ ಅಂದು ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ನೋಟ್ ಪುಸ್ತಕದ ಕೊನೆಯ ಪುಟಗಳಲ್ಲಿ ಕಾರುಗಳ ಚಿತ್ರಗಳೇ ತುಂಬಿರುತ್ತವೆ ಎಂಬುದು ನನಗೆ ಮೊದಲೇ ಗೊತ್ತಿತ್ತು.

"ಸಾರ್, ಪೋರ್ಷೆ ಕಂಪೆನಿಯ ಕಾಯೆನ್ ಕಾರು ಇದೆಯಲ್ಲ, ಅದನ್ನು ಕಂಪೆನಿಯವರೇ ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿದ್ದರಂತೆ. ಅಷ್ಟೊಂದು ದುಡ್ಡಿನ ಕಾರೂ ಡಕೋಟಾ ಆಗುತ್ತಾ ಸಾರ್?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ದುಬಾರಿ ವಸ್ತು ಕೆಡುವುದಿಲ್ಲ, ಹೆಸರುವಾಸಿ ಕಂಪೆನಿ ತಪ್ಪು ಮಾಡುವುದಿಲ್ಲ, ಫಸ್ಟ್ ರ‍್ಯಾಂಕ್ ಹುಡುಗನ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಗಂಟೆ ಹೊಡೆಯಿತು. "ಇದಕ್ಕೆ ಉತ್ತರ ಪತ್ರಿಕೆಯಲ್ಲೇ ಬರೆಯುತ್ತೇನೆ ಕಣಪ್ಪ" ಎಂದು ಹೇಳಿ ಬಂದೆ. ಈ ವಾರದ ಅಂಕಣ ಆ ಹುಡುಗನಿಗೆ, ಅವನಂಥ ಮಕ್ಕಳಿಗೆ, ಜೊತೆಗೆ ಅವರ ತಂದೆತಾಯಿಯರಿಗೆ.

ಮೆಣಸಿನಕಾಯಿ ಹೆಸರಿನ ಕಾರು

ಕಾಯೆನ್ ಎಂದರೆ ಒಂದು ಜಾತಿಯ ಖಾರದ ಮೆಣಸಿನಕಾಯಿ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ರಾಜಧಾನಿಯ ಹೆಸರೂ ಅದೇ. ಅಲ್ಲಿಯವರೆಗೆ ಸ್ಪೋರ್ಟ್ಸ್ ಕಾರುಗಳಿಗೇ ಹೆಸರಾಗಿದ್ದ ಜರ್ಮನಿಯ ಪೋರ್ಷೆ, 2002ರಲ್ಲಿ ಈ ಹೆಸರಿನಲ್ಲಿ ಜೀಪಿನಂತೆ ಎತ್ತರವಾದ, ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹೋಗುವ ಕಾರೊಂದನ್ನು ಹೊರತಂದಿತು. ಫೋಕ್ಸ್‌ವ್ಯಾಗನ್ ಕಂಪೆನಿಯ ಟುವಾರೆಗ್ ಎಂಬ ಕಾರು ಇದರ ಒಡಹುಟ್ಟು. ಎರಡಕ್ಕೂ ಮೂಲ ಚೌಕಟ್ಟು ಒಂದೇ, ಹಲವು ಬಿಡಿಭಾಗಗಳೂ ಒಂದೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಮೊದಲ ಕಾಯೆನ್‌ಗಳಲ್ಲಿ ಟರ್ಬೋ ಮಾದರಿಯ ಎಂಜಿನ್ನಿಗೆ 450 ಅಶ್ವಶಕ್ತಿ. ಕಾರಿನ ತೂಕ 2,300 ಕಿಲೋಗ್ರಾಮಿಗೂ ಹೆಚ್ಚು. ಗರಿಷ್ಠ ವೇಗ ಗಂಟೆಗೆ 266 ಕಿಲೋಮೀಟರ್. ಆನೆಯ ಮೈಗೆ ಚಿರತೆಯ ಕಾಲು ಜೋಡಿಸಿದಂತೆ. ಇಲ್ಲಿಯೇ ನಮ್ಮ ಪಾಠ ಆರಂಭವಾಗುತ್ತದೆ.

ಚಲಿಸುವ ವಸ್ತುವಿನ ಚಲನಶಕ್ತಿ ತಿಳಿಯಲು ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು ಎಂದು ಓದಿದ್ದೀರಿ. 2,350 ಕಿಲೋಗ್ರಾಮಿನ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎನ್ನೋಣ. ಆ ವೇಗ ಎಂದರೆ ಸೆಕೆಂಡಿಗೆ 27.8 ಮೀಟರ್. ಲೆಕ್ಕ ಹಾಕಿದರೆ ಸುಮಾರು 9 ಲಕ್ಷ ಜೂಲ್ ಬರುತ್ತದೆ. ಸುಮಾರು ಮೂರು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಶಾಖ ಸಾಕು. ಬ್ರೇಕ್ ಒತ್ತಿದಾಗ ಈ ಅಷ್ಟೂ ಶಕ್ತಿ ಕೆಲವೇ ಸೆಕೆಂಡುಗಳಲ್ಲಿ ಶಾಖವಾಗಿ ಕರಗಬೇಕು. ವೇಗ 266ಕ್ಕೆ ಏರಿದರೆ? ವೇಗ ಎರಡೂಮುಕ್ಕಾಲು ಪಟ್ಟಿಗೂ ಕಡಿಮೆ ಹೆಚ್ಚಿದೆ, ಆದರೆ ಶಕ್ತಿ ಏಳು ಪಟ್ಟು! ಮೂರು ಲೀಟರ್ ಬದಲು ಇಪ್ಪತ್ತು ಲೀಟರ್ ನೀರು.

ಇಷ್ಟು ದೊಡ್ಡ ಶಕ್ತಿಯನ್ನು ಹತೋಟಿಯಲ್ಲಿ ಇಡುವುದು ಚಾಲಕನ ಪಾದದ ಕೆಳಗಿನ ಒಂದು ಪೆಡಲ್. ಆ ಪೆಡಲನ್ನು ಅದರ ಜಾಗದಲ್ಲಿ ಹಿಡಿದಿಡುವ ವಸ್ತುಗಳಲ್ಲಿ ಒಂದು, ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕ ಉಕ್ಕಿನ ಉಂಗುರ.

ಎಂಟು ಲಕ್ಷ ಕಾರು, ಒಂದು ಉಂಗುರ

ಎತ್ತಿನ ಗಾಡಿ ನೋಡಿದವರಿಗೆ ಕಡಾಣಿ ಗೊತ್ತು. ಅಚ್ಚಿನ ತುದಿಯಲ್ಲಿ, ಗಾಲಿ ಹೊರಗೆ ಜಾರದಂತೆ ತೂರಿಸಿದ ಒಂದು ಕಬ್ಬಿಣದ ಕೀಲು. ಗಾಡಿಯ ಭಾರ ಹೊರುವುದು ಅಚ್ಚು, ಉರುಳುವುದು ಗಾಲಿ, ಎಳೆಯುವುದು ಎತ್ತು. ಕಡಾಣಿ ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತದೆ. ಆದರೆ ಅದು ಕಳಚಿದ ಸ್ವಲ್ಪ ಹೊತ್ತಿಗೆ ಗಾಲಿಯೂ ಕಳಚುತ್ತದೆ. ಪೇಟೆಯ ಮಕ್ಕಳು ಕಡಾಣಿ ನೋಡಿಲ್ಲವಾದರೆ ತಲೆಯ ಮೇಲಿನ ಫ್ಯಾನ್ ನೋಡಿ. ಅದರ ರಾಡಿನ ಬೋಲ್ಟಿಗೆ ಹಾಕಿದ ಸ್ಪ್ಲಿಟ್ ಪಿನ್ನಿನ ಕೆಲಸವೂ ಇದೇ.

ಯಂತ್ರಗಳಲ್ಲಿ ಇದೇ ಕೆಲಸ ಮಾಡುವ ಇನ್ನೊಂದು ಚಿಕ್ಕ ವಸ್ತು ಸರ್ಕ್ಲಿಪ್. ಬಾಯಿ ಬಿಟ್ಟ ಬಳೆಯಂಥ, ಸ್ಪ್ರಿಂಗ್ ಗುಣದ ಉಂಗುರ. ಕಂಬಿಯ ಮೇಲೆ ಕೊರೆದ ಸಣ್ಣ ಗಾಡಿಯೊಳಗೆ ಇದು ಕಚ್ಚಿಕೊಂಡು ಕೂತರೆ ಕಂಬಿ ಅತ್ತಿತ್ತ ಜರುಗುವುದಿಲ್ಲ. ಸರಿಯಾಗಿ ಕೂರದಿದ್ದರೆ ಒಂದು ದಿನ ಎದ್ದು ಬರಬಹುದು.

2016ರ ಮಾರ್ಚಿಯಲ್ಲಿ ಪೋರ್ಷೆ ಮತ್ತು ಫೋಕ್ಸ್‌ವ್ಯಾಗನ್ ಒಂದು ಪ್ರಕಟಣೆ ಹೊರಡಿಸಿದವು. 2011ರಿಂದ 2016ರವರೆಗಿನ ಮಾದರಿಯ ಕಾಯೆನ್ ಮತ್ತು ಟುವಾರೆಗ್ ಕಾರುಗಳಲ್ಲಿ ಪೆಡಲುಗಳನ್ನು ಹೊತ್ತ ಬ್ರಾಕೆಟ್ಟಿನ ಸರ್ಕ್ಲಿಪ್ ಸಡಿಲವಾಗಿರುವ ಸಾಧ್ಯತೆ ಇದೆ, ಎಲ್ಲ ಕಾರುಗಳನ್ನೂ ತಂದು ತೋರಿಸಿ ಎಂದು. ಕಾಯೆನ್‌ಗಳ ಸಂಖ್ಯೆ 4 ಲಕ್ಷ 9 ಸಾವಿರದಷ್ಟು, ಟುವಾರೆಗ್‌ಗಳದು ಸುಮಾರು 3 ಲಕ್ಷ 91 ಸಾವಿರ. ಒಟ್ಟು ಎಂಟು ಲಕ್ಷ. ಬಿಡಿಭಾಗ ಒಂದೇ ಆದ್ದರಿಂದ ಅದರ ತಪ್ಪೂ ಎರಡೂ ಮನೆಗಳಿಗೆ ಹಂಚಿಹೋಗಿತ್ತು. ಒಂದೇ ಗೈಡ್ ಓದಿದ ಇಬ್ಬರು ಹುಡುಗರ ಉತ್ತರದಲ್ಲಿ ಒಂದೇ ತಪ್ಪು ಬಂದ ಹಾಗೆ!

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಈ ತೊಂದರೆಯನ್ನು ಕಂಡುಹಿಡಿದದ್ದು ಕಂಪೆನಿಯ ಒಳಗಿನ ತಪಾಸಣೆಯಲ್ಲೇ. ಎರಡು, ಎಂಟು ಲಕ್ಷ ಕಾರುಗಳಲ್ಲೂ ಉಂಗುರ ಸಡಿಲವಾಗಿತ್ತು ಎಂದಲ್ಲ. ಯಾವುದರಲ್ಲಿ ಸಡಿಲವಾಗಿದೆ ಎಂಬುದು ಬಿಚ್ಚಿ ನೋಡದೆ ತಿಳಿಯುವಂತಿರಲಿಲ್ಲ, ಅದಕ್ಕೇ ಎಲ್ಲವನ್ನೂ ಕರೆದರು. ಗ್ಯಾರೇಜಿನಲ್ಲಿ ಆಗಬೇಕಿದ್ದ ಕೆಲಸ ಅರ್ಧ ಗಂಟೆಯದೂ ಅಲ್ಲ. ಆದರೆ ಆ ಅರ್ಧ ಗಂಟೆಯ ಕೆಲಸ ಆಗದೆ ಉಳಿದ ಒಂದು ಕಾರಿನ ಚಾಲಕ, ಹೆದ್ದಾರಿಯಲ್ಲಿ ಆ 9 ಲಕ್ಷ ಜೂಲ್ ಕರಗಿಸಬೇಕಾದ ಗಳಿಗೆಯಲ್ಲಿ ಪಾದ ಊರಿದಾಗ ಪೆಡಲ್ ಜಾಗದಲ್ಲಿ ಇಲ್ಲದಿದ್ದರೆ? ಆ ಒಂದು ಪ್ರಶ್ನೆಗಾಗಿ ಎಂಟು ಲಕ್ಷ ಕಾರು.

ಇಂಥದೇ ಇನ್ನೊಂದು ಕರೆ 2012ರಲ್ಲಿ ಅಮೆರಿಕದಲ್ಲಿ ಹೊರಟಿತ್ತು. 2011 ಮತ್ತು 2012ರ ಮಾದರಿಯ 20 ಸಾವಿರಕ್ಕೂ ಹೆಚ್ಚು ಕಾಯೆನ್‌ಗಳಲ್ಲಿ ಹೆಡ್‌ಲೈಟನ್ನು ಹಿಡಿದಿಡುವ ಚಿಲಕ ಸರಿಯಾಗಿ ಕಚ್ಚಿಕೊಳ್ಳದೆ ದೀಪವೇ ಸಡಿಲವಾಗಬಹುದು ಎಂಬುದು ಆಗಿನ ಅನುಮಾನ. ಮತ್ತೆ ಕಡಾಣಿಯ ಕಥೆಯೇ.

ಈ ಪದ್ಧತಿ ಎಲ್ಲಿಂದ ಬಂತು?

ಹೀಗೆ ಮಾರಿದ ವಸ್ತುವನ್ನು ಸುರಕ್ಷತೆಯ ಕಾರಣಕ್ಕೆ ಮರಳಿ ಕರೆದು, ಮಾಲೀಕನಿಗೆ ಖರ್ಚಿಲ್ಲದೆ ಸರಿಪಡಿಸಿ ಕೊಡುವುದಕ್ಕೆ 'ರೀಕಾಲ್' ಎನ್ನುತ್ತಾರೆ. ನಾವು 'ವಾಪಸ್ ಕರೆ' ಎನ್ನೋಣ. ಕಾರು ಕಂಪೆನಿಗಳು ಇದನ್ನು ಮೊದಲಿನಿಂದಲೂ ಒಳ್ಳೆಯತನದಿಂದ ಮಾಡಿಕೊಂಡು ಬಂದವು ಎಂದು ತಿಳಿಯಬೇಡಿ. 1960ರ ದಶಕದ ನಡುವಿನಲ್ಲಿ ಅಮೆರಿಕದ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಜನ ಸಾಯುತ್ತಿದ್ದರು. ಅಪಘಾತವಾದರೆ ಚಾಲಕನದೇ ತಪ್ಪು ಎಂಬುದು ಆಗಿನ ಮಾತು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು ಪುಸ್ತಕವೊಂದನ್ನು ಬರೆದು, ಕಾರಿನ ವಿನ್ಯಾಸದಲ್ಲೇ ತಪ್ಪುಗಳಿವೆ, ಅವನ್ನು ಬಲ್ಲವರೂ ಸುಮ್ಮನಿದ್ದಾರೆ ಎಂದು ವಾದಿಸಿದರು. ದೊಡ್ಡ ಗದ್ದಲವೇ ಆಯಿತು. 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸಹಿಯೊಂದಿಗೆ ಮೋಟಾರು ವಾಹನ ಸುರಕ್ಷತೆಯ ಕಾನೂನು ಬಂತು. ವಾಪಸ್ ಕರೆಯ ಪದ್ಧತಿ ಬೆಳೆದದ್ದು ಆ ಬುಡದಿಂದ.

ಕೆಡುವುದೆಲ್ಲ ಅಪಾಯವಲ್ಲ

ಹಾಗಾದರೆ ಕಾರಿನಲ್ಲಿ ಕೆಡುವ ಪ್ರತಿಯೊಂದಕ್ಕೂ ವಾಪಸ್ ಕರೆ ಬರುತ್ತದೆಯೇ? ಇಲ್ಲ. ಕಾಯೆನ್ ಮಾಲೀಕರು ಮತ್ತು ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಕೇಳಿಬರುವ ಎರಡು ಹಳೆಯ ತೊಂದರೆಗಳಿವೆ. ಎರಡೂ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಮೊದಲನೆಯದು ನೀರಿನ ಪೈಪು. 2003ರಿಂದ 2006ರವರೆಗಿನ ಎಂಟು ಸಿಲಿಂಡರಿನ ಕಾಯೆನ್‌ಗಳಲ್ಲಿ ಎಂಜಿನ್ ತಣಿಸುವ ದ್ರವ ಹರಿಯುವ ಕೆಲವು ಕೊಳವೆಗಳು ಪ್ಲಾಸ್ಟಿಕ್ಕಿನವು. ಅವು ಇದ್ದದ್ದು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಂಥ ಜಾಗದಲ್ಲಿ. ಎಂಜಿನ್ನಿನ ಕಾವು ಹೆಚ್ಚು, ಗಾಳಿ ಕಡಿಮೆ, ಕಣ್ಣಿಗೂ ಕಾಣದ ಜಾಗ ಅದು. ಪ್ಲಾಸ್ಟಿಕ್ ಹಗುರ, ತುಕ್ಕು ಹಿಡಿಯುವುದಿಲ್ಲ, ಬೇಕಾದ ಆಕಾರಕ್ಕೆ ಅಚ್ಚು ಹೊಯ್ಯಬಹುದು. ಆದರೆ ಅದು ಸರಪಳಿಯಂಥ ಉದ್ದುದ್ದ ಅಣುಗಳಿಂದ ಆದದ್ದು. ಶಾಖದಲ್ಲಿ ವರ್ಷಗಟ್ಟಲೆ ಇದ್ದರೆ ಆ ಸರಪಳಿಗಳು ತುಂಡಾಗುತ್ತ ಹೋಗಿ, ಬಾಗುತ್ತಿದ್ದ ವಸ್ತು ಪೆಡಸಾಗುತ್ತದೆ. ತಾರಸಿಯ ಮೇಲೆ ಬಿಟ್ಟ ಪ್ಲಾಸ್ಟಿಕ್ ಬಕೆಟ್ ಎರಡು ಬೇಸಗೆ ಕಳೆದ ಮೇಲೆ ಕೈಯಲ್ಲಿ ಎತ್ತಿದರೆ ಚೂರಾಗುವುದನ್ನು ನೋಡಿದ್ದೀರಲ್ಲ? ಅಲ್ಲಿ ಬಿಸಿಲಿನ ಅತಿನೇರಳೆ ಕಿರಣ ಮಾಡಿದ ಕೆಲಸವನ್ನು ಇಲ್ಲಿ ಎಂಜಿನ್ನಿನ ಕಾವು ಮಾಡುತ್ತದೆ. ಜೊತೆಗೆ ದಿನಾ ಕಾಯುವುದು, ಆರುವುದು, ಹಿಗ್ಗುವುದು, ಕುಗ್ಗುವುದು. ಒಂದು ದಿನ ಕೊಳವೆ ಸೀಳುತ್ತದೆ.

ಸೀಳಿದರೆ ಏನಾಗುತ್ತದೆ? ಕುಕ್ಕರನ್ನು ನೆನಪು ಮಾಡಿಕೊಳ್ಳಿ. ಒತ್ತಡ ಹೆಚ್ಚಿದಾಗ ನೀರಿನ ಕುದಿಬಿಂದುವೂ ಏರುತ್ತದೆ. ವಾತಾವರಣದ ಎರಡರಷ್ಟು ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾರಿನ ತಣಿಸುವ ವ್ಯವಸ್ಥೆಯೂ ಒತ್ತಡದಲ್ಲೇ ಕೆಲಸ ಮಾಡುತ್ತದೆ, ಹಾಗಾಗಿ 100 ಡಿಗ್ರಿಯಲ್ಲೂ ಅದು ಕುದಿಯುವುದಿಲ್ಲ. ಕೊಳವೆ ಸೀಳಿದ ಕೂಡಲೇ ಒತ್ತಡ ಬಿದ್ದುಹೋಗುತ್ತದೆ, ಕುದಿಬಿಂದು ಇಳಿಯುತ್ತದೆ, ಉಳಿದ ದ್ರವವೂ ಕುದಿಯತೊಡಗುತ್ತದೆ. ಸೋರಿದ ದ್ರವ ಆ ಕಣಿವೆಯಲ್ಲೇ ಇದ್ದ ಸ್ಟಾರ್ಟರ್ ಮೋಟಾರಿನ ಮೇಲೂ ಬೀಳುತ್ತದೆ. ಲಕ್ಷಣ ಗೊತ್ತಾಗದೆ ಹಾಗೇ ಓಡಿಸಿದರೆ ಎಂಜಿನ್ನಿಗೇ ಸಂಚಕಾರ. ಇದಕ್ಕೆ ಮದ್ದು ಸರಳ: ಅಲ್ಯೂಮಿನಿಯಮ್ ಕೊಳವೆ. ಪೋರ್ಷೆಯೇ ಅದನ್ನು ಮುಂದೆ ಒದಗಿಸಿತು.

ಎರಡನೆಯದು ಕಾರಿನ ಹೊಟ್ಟೆಯ ಕೆಳಗಿನ 'ಧಬ್ ಧಬ್' ಸದ್ದು. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಲಾರಿ, ಬಸ್ಸುಗಳ ಕೆಳಗೆ ಬಗ್ಗಿ ನೋಡಿದರೆ ಕಾಣಬಹುದು. ಹೆದ್ದಾರಿಯ ವೇಗದಲ್ಲಿ ಅದು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕಾಯೆನ್‌ನಲ್ಲಿ ಅದರ ನಡುವಿನ ಬೇರಿಂಗನ್ನು ಹಿಡಿದಿರುವುದು ಒಂದು ರಬ್ಬರಿನ ಆಸರೆ. ನಡುಕ ಕಾರಿನೊಳಗೆ ಬಾರದಿರಲಿ ಎಂದೇ ರಬ್ಬರು. ಅದು ವರ್ಷಗಳು ಕಳೆದಂತೆ, ಅಡಿಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆಯೇ, ಗಡುಸಾಗಿ ಹರಿಯುತ್ತದೆ. ಆಗ ಶಾಫ್ಟ್ ಕುಣಿಯತೊಡಗುತ್ತದೆ, ಮೇಲಿನ ತಗಡಿಗೆ ಬಡಿಯುತ್ತದೆ. ಐಷಾರಾಮಿ ಕಾರಿನಲ್ಲಿ ಕೂತವರಿಗೆ ಎತ್ತಿನ ಗಾಡಿಯ ನೆನಪು ಬರುತ್ತದೆ!

ಇವೆರಡೂ ಹಲವು ಮಾಲೀಕರನ್ನು ಕಾಡಿದ ತೊಂದರೆಗಳೇ. ಆದರೆ ಪೆಡಲಿನ ಉಂಗುರಕ್ಕೆ ಬಂದಂತೆ ಕೊಳವೆಗೆ ಸುರಕ್ಷತೆಯ ಕರೆ ಬರಲಿಲ್ಲ. ಅಮೆರಿಕದ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಒಹಾಯೋ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದು 2014ರಲ್ಲಿ ಅದು ರಾಜಿಯಾಯಿತು. ಜೀವಕ್ಕೆ ಕುತ್ತು ತರಬಹುದಾದ ದೋಷ ಬೇರೆ, ಜೇಬಿಗೆ ಕತ್ತರಿ ಹಾಕುವ ದೋಷ ಬೇರೆ ಎಂಬುದು ಇಲ್ಲಿಯ ಲೆಕ್ಕ. ಇವುಗಳ ನಡುವಿನ ಗೆರೆ ಎಲ್ಲಿ ಎಂಬುದೇ ಎಷ್ಟೋ ಸಲ ಜಗಳ.

ತಪ್ಪು ಬೇರೆ, ಕಳ್ಳತನ ಬೇರೆ

ಮೂರನೆಯ ಬಗೆಯದೊಂದಿದೆ. ಅದನ್ನು ಹೇಳದಿದ್ದರೆ ಈ ಪಾಠ ಅಪೂರ್ಣ.

ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳಿರುತ್ತವೆ. ಶ್ವಾಸಕೋಶಕ್ಕೆ ಕೆಟ್ಟದ್ದು. ಅವು ಎಷ್ಟಿರಬಹುದು ಎಂದು ಸರಕಾರ ಮಿತಿ ಹಾಕಿ, ಪ್ರಯೋಗಶಾಲೆಯಲ್ಲಿ ಕಾರನ್ನು ಉರುಳೆಗಳ ಮೇಲೆ ಓಡಿಸಿ ಪರೀಕ್ಷೆ ಮಾಡುತ್ತದೆ. 2017ರ ಜುಲೈನಲ್ಲಿ ಜರ್ಮನಿಯ ಸಾರಿಗೆ ಸಚಿವ ಅಲೆಕ್ಸಾಂಡರ್ ಡೋಬ್ರಿಂಟ್ ಒಂದು ಸಂಗತಿ ಪ್ರಕಟಿಸಿದರು. ಮೂರು ಲೀಟರ್ ಡೀಸೆಲ್ ಎಂಜಿನ್ನಿನ ಕಾಯೆನ್‌ನಲ್ಲಿರುವ ತಂತ್ರಾಂಶ, ಹೊಗೆ ಶುದ್ಧವಾಗಿಡುವ ಒಂದು ಕ್ರಮವನ್ನು ಪರೀಕ್ಷೆಯ ಉರುಳೆಗಳ ಮೇಲೆ ಮಾತ್ರ ನಡೆಸುತ್ತದೆ, ರಸ್ತೆಯಲ್ಲಿ ನಡೆಸುವುದಿಲ್ಲ ಎಂದು. ಯೂರೋಪಿನಲ್ಲಿ ಸುಮಾರು 22 ಸಾವಿರ ಕಾರುಗಳನ್ನು ವಾಪಸ್ ಕರೆಯಬೇಕು, ಆ ಮಾದರಿಯ ಹೊಸ ಕಾರುಗಳ ನೋಂದಣಿ ನಿಲ್ಲಬೇಕು ಎಂದು ಆಜ್ಞೆಯಾಯಿತು. ಇನ್‌ಸ್ಪೆಕ್ಟರು ಶಾಲೆಗೆ ಬಂದ ದಿನ ಮಾತ್ರ ಬಿಸಿಯೂಟಕ್ಕೆ ತುಪ್ಪ ಬಡಿಸಿದ ಹಾಗಾಯಿತು ಇದು.

ಎಂಜಿನ್ ತಯಾರಿಸಿದ್ದು ಅದೇ ಸಮೂಹದ ಔಡಿ ಕಂಪೆನಿ. ಆದರೂ ಪೋರ್ಷೆ ಪಾರಾಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಅದು ಡೀಸೆಲ್ ಕಾರುಗಳನ್ನೇ ಕೈಬಿಡುವುದಾಗಿ ಸಾರಿತು. 2019ರ ಮೇನಲ್ಲಿ ಸ್ಟುಟ್‌ಗಾರ್ಟಿನ ಪ್ರಾಸಿಕ್ಯೂಟರುಗಳು ಅದಕ್ಕೆ 53 ಕೋಟಿ 50 ಲಕ್ಷ ಯೂರೋ ದಂಡ ವಿಧಿಸಿದರು. ಕಾರಣ, ನೋಡಿಕೊಳ್ಳಬೇಕಾದವರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬುದು.

ಸರ್ಕ್ಲಿಪ್ಪಿನ ಕರೆ, ಡೀಸೆಲ್ಲಿನ ಕರೆ ಎರಡಕ್ಕೂ ಪತ್ರಿಕೆಯಲ್ಲಿ ಹೆಸರು ಒಂದೇ. ಆದರೆ ಮೊದಲನೆಯದು ಲೆಕ್ಕ ತಪ್ಪಿದ ಹುಡುಗ ತಾನೇ ಮೇಷ್ಟ್ರ ಬಳಿ ಬಂದು "ಇಲ್ಲಿ ತಪ್ಪಾಗಿದೆ ಸಾರ್" ಎಂದಂತೆ. ಎರಡನೆಯದು ಉತ್ತರಪತ್ರಿಕೆಯ ಕೆಳಗೆ ಚೀಟಿ ಸಿಕ್ಕಿದಂತೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತೂಗಿದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಒಡೆದ ಬೀಕರು

ಹಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಯೋಗಶಾಲೆಯ ಗೋಡೆಗೆ ನಾನೇ ಒಂದು ಚೀಟಿ ಅಂಟಿಸಿದ್ದೆ: 'ಗಾಜಿನ ಸಾಮಾನು ಒಡೆದವರು ದಂಡ ತೆರತಕ್ಕದ್ದು'. ಒಮ್ಮೆ ಹುಡುಗನೊಬ್ಬ ಪಿಪೆಟ್ ಒಡೆದಾಗ ಅವನನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದೆ. ಆಮೇಲೆ ಒಡೆಯುವುದು ನಿಂತೇ ಹೋಯಿತು. ಶಿಸ್ತು ಬಂತು ಎಂದು ಬೀಗಿದೆ.

ಕೆಲವು ತಿಂಗಳ ನಂತರ ನೀರಿನ ಕುದಿಬಿಂದುವಿನ ಪ್ರಯೋಗ. ಕಪಾಟಿನಿಂದ ತೆಗೆದ ಬೀಕರಿನ ತಳದಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದದ್ದು ಯಾರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಬರ್ನರಿನ ಮೇಲೆ ಇಟ್ಟು ನೀರು ಕುದಿಯುವ ಹೊತ್ತಿಗೆ ಬೀಕರು ಎರಡು ಹೋಳಾಯಿತು. ಪಕ್ಕದಲ್ಲಿ ಉಷ್ಣಮಾಪಕ ಓದುತ್ತಿದ್ದ ಹುಡುಗಿಯ ಕೈ ಮೇಲೆ ಬಿಸಿನೀರು ಬಿತ್ತು. ಆಸ್ಪತ್ರೆಗೆ ಕರೆದೊಯ್ದೆವು. ಗಾಯ ವಾಸಿಯಾಯಿತು, ಮಣಿಕಟ್ಟಿನ ಮೇಲೆ ಕಲೆ ಉಳಿಯಿತು. ಅವರಪ್ಪ ಶಾಲೆಗೆ ಬಂದರು. ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ. "ನೋಡ್ಕೋಬೇಕಿತ್ತಲ್ಲ ಮೇಷ್ಟ್ರೇ" ಎಂದರು ಅಷ್ಟೆ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. "ಸಾರ್, ಆ ಬೀಕರು ಹೋದ ವಾರ ನನ್ನ ಕೈಯಿಂದ ಜಾರಿತ್ತು. ಪೂರ್ತಿ ಒಡೆಯಲಿಲ್ಲ ಅಂತ ಕಪಾಟಿನಲ್ಲೇ ಇಟ್ಟುಬಿಟ್ಟೆ. ಹೇಳಿದರೆ ನೀವು ಬೈತೀರಾ ಅಂತ..." ಎಂದು ಅತ್ತ. ನನ್ನ ಬಾಯಲ್ಲಿ ಮಾತು ಬರಲಿಲ್ಲ. ಬಿರುಕು ಬಿಟ್ಟ ಬೀಕರನ್ನು ಕಪಾಟಿನಲ್ಲಿ ಇಟ್ಟವನು ಅವನು. ಇಡುವಂತೆ ಮಾಡಿದವನು ನಾನು. ಒಡೆಯುವುದು ನಿಂತಿರಲೇ ಇಲ್ಲ. ಹೇಳುವುದು ಮಾತ್ರ ನಿಂತಿತ್ತು.

ಅಂದೇ ಆ ಚೀಟಿ ಕಿತ್ತು ಹಾಕಿದೆ. ಅದರ ಜಾಗದಲ್ಲಿ ದಾರ ಕಟ್ಟಿ ಒಂದು ನೋಟ್ ಪುಸ್ತಕ ತೂಗು ಹಾಕಿದೆ. ಒಡೆದರೆ, ಬಿರುಕು ಬಿಟ್ಟರೆ, ಬರೀ ಅನುಮಾನ ಬಂದರೂ ಅದರಲ್ಲಿ ಬರೆಯಬೇಕು. ಬರೆದವರಿಗೆ ದಂಡವಿಲ್ಲ, ಬೈಗುಳವಿಲ್ಲ. ವರ್ಷದ ಕೊನೆಯಲ್ಲಿ ಹೆಡ್‌ಮಾಸ್ತರರು ಪುಸ್ತಕ ನೋಡಿ, "ಏನ್ರೀ ಇದು, ಈ ವರ್ಷ ಇಷ್ಟೊಂದು ಒಡೆದು ಹಾಕಿದ್ದಾರೆ?" ಎಂದು ಕೇಳಿದರು. "ಒಡೆದದ್ದು ಹೆಚ್ಚಿಲ್ಲ ಸಾರ್, ಗೊತ್ತಾದದ್ದು ಹೆಚ್ಚು" ಎಂದೆ.

ಯಾವುದಾದರೂ ಕಂಪೆನಿ ಪದೇ ಪದೇ ವಾಪಸ್ ಕರೆ ಹೊರಡಿಸುತ್ತಿದೆ ಎಂಬ ಸುದ್ದಿ ಓದಿದಾಗ ನನಗೆ ಆ ಪುಸ್ತಕ ನೆನಪಾಗುತ್ತದೆ. ಕರೆಗಳ ಸಂಖ್ಯೆ ನೋಡಿ ಇದು ಕೆಟ್ಟ ಕಾರು ಎನ್ನುವುದು ಅವಸರದ ತೀರ್ಮಾನ. ತಪ್ಪನ್ನು ಕಂಡುಹಿಡಿದವರು ಯಾರು, ಕಂಡ ಮೇಲೆ ಎಷ್ಟು ಬೇಗ ಹೇಳಿದರು, ಸರಿಪಡಿಸಿದರೇ ಎಂಬ ಮೂರು ಪ್ರಶ್ನೆ ಕೇಳಬೇಕು.

ನಮ್ಮ ದೇಶದಲ್ಲಿ

ಭಾರತದಲ್ಲಿ ವಾಹನ ತಯಾರಕರ ಸಂಘ 2012ರಲ್ಲಿ ಸ್ವಯಂಪ್ರೇರಿತ ಸಂಹಿತೆಯೊಂದನ್ನು ಜಾರಿಗೆ ತಂದಿತು. ಕಾನೂನಿನ ಬಲ ಬಂದದ್ದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗ. ಅದರ 110ಎ ವಿಧಿಯ ಪ್ರಕಾರ ಚಾಲಕನಿಗೆ, ಪ್ರಯಾಣಿಕರಿಗೆ, ರಸ್ತೆಯಲ್ಲಿರುವ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ಮಾಡಬಹುದಾದ ದೋಷವಿದ್ದರೆ ವಾಹನಗಳನ್ನು ವಾಪಸ್ ಕರೆಯುವಂತೆ ಕೇಂದ್ರ ಸರಕಾರ ಆಜ್ಞೆ ಮಾಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ತಯಾರಾಗಿ ಏಳು ವರ್ಷ ದಾಟದ ವಾಹನಗಳಿಗೆ ಅವು ಅನ್ವಯಿಸುತ್ತವೆ. ಆಜ್ಞೆಯಾದ ಮೇಲೆ ತಯಾರಕರಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ಆ ವಿಧಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಉಪವಿಧಿ ಇದೆ. ತಯಾರಕರೇ ತಮ್ಮ ದೋಷವನ್ನು ಗಮನಿಸಿ, ಸರಕಾರಕ್ಕೆ ತಿಳಿಸಿ, ತಾವಾಗಿ ವಾಹನಗಳನ್ನು ಕರೆದರೆ ಅವರಿಗೆ ಆ ದಂಡವಿಲ್ಲ! ಓದಿದಾಗ ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲೆ ತೂಗಾಡುವ ಪುಸ್ತಕ ಕಣ್ಣಿಗೆ ಬಂತು.

ನೀವೇ ಮಾಡಿ ನೋಡಿ

ಮನೆಯಲ್ಲಿ ಪೋರ್ಷೆ ಇರಬೇಕಾಗಿಲ್ಲ. ಸ್ಕೂಟರೋ ಬೈಕೋ ಇದ್ದರೆ ಸಾಕು. ಅದರ ಆರ್.ಸಿ.ಯಲ್ಲಿ ಚಾಸಿಸ್ ನಂಬರ್ ಇರುತ್ತದೆ. ಎಣಿಸಿ, ಹದಿನೇಳು ಅಕ್ಷರ ಮತ್ತು ಅಂಕಿ ಇರಬೇಕು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಎಲ್ಲಿಯೂ ಸಿಗುವುದಿಲ್ಲ. ಏಕೆ ಗೊತ್ತೇ? ಐ ಅಕ್ಷರ 1ರಂತೆಯೂ, ಓ ಮತ್ತು ಕ್ಯೂ ಸೊನ್ನೆಯಂತೆಯೂ ಕಂಡು ಮೋಸವಾಗಬಾರದೆಂದು. ಭಾರತದಲ್ಲಿ ತಯಾರಾದ ವಾಹನದ ನಂಬರು ಸಾಮಾನ್ಯವಾಗಿ ಎಂ ಅಕ್ಷರದಿಂದ ಶುರುವಾಗುತ್ತದೆ. ಕಾಯೆನ್‌ನದು ಶುರುವಾಗುವುದು ಡಬ್ಲ್ಯು, ಪಿ, 1 ಎಂದು. ಲಕ್ಷಾಂತರ ವಾಹನಗಳ ನಡುವೆ ದೋಷವಿರುವುದು ಯಾವುದರಲ್ಲಿ ಎಂದು ಕಂಪೆನಿ ಹುಡುಕುವುದು ಈ ನಂಬರಿನಿಂದಲೇ.

ಹಲವು ತಯಾರಕರ ಜಾಲತಾಣದಲ್ಲಿ ಈ ನಂಬರು ಕೊಟ್ಟರೆ ನಿಮ್ಮ ವಾಹನಕ್ಕೆ ಯಾವುದಾದರೂ ಕರೆ ಬಾಕಿ ಇದೆಯೇ ಎಂದು ತಿಳಿಯುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಕೇಳಿದರೂ ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್ ವಾಹನ ಕೊಂಡವರು ತಪ್ಪದೆ ಇದನ್ನು ನೋಡಬೇಕು. ಕಂಪೆನಿಯ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ಕರೆ ಬಂದರೆ, "ಗಾಡಿ ಚೆನ್ನಾಗೇ ಓಡ್ತಿದೆಯಲ್ಲ" ಎಂದು ಪತ್ರವನ್ನು ಮಡಿಸಿ ಇಡಬೇಡಿ. ಕಡಾಣಿ ಸಡಿಲವಾದ ಗಾಡಿಯೂ ಕಳಚುವ ಗಳಿಗೆಯವರೆಗೆ ಚೆನ್ನಾಗಿಯೇ ಓಡುತ್ತಿರುತ್ತದೆ.

ತಂದೆತಾಯಿಯರಿಗೆ ಒಂದು ಮಾತು. ನಿಮ್ಮ ಮಗ ಅಥವಾ ಮಗಳು ಕಡಿಮೆ ಅಂಕ ಬಂದ ಉತ್ತರಪತ್ರಿಕೆಯನ್ನು ತಾನಾಗಿಯೇ ತಂದು ತೋರಿಸಿದ ಸಂಜೆ, ಮೊದಲ ಐದು ನಿಮಿಷ ಸುಮ್ಮನಿರಿ. ಆ ಐದು ನಿಮಿಷದಲ್ಲಿ ನೀವು ನಡೆದುಕೊಳ್ಳುವ ರೀತಿಯ ಮೇಲೆ, ಮುಂದಿನ ಸಲ ಅದು ನಿಮ್ಮ ಕೈಗೆ ಬರುತ್ತದೆಯೋ ಹಾಸಿಗೆಯ ಕೆಳಗೆ ಹೋಗುತ್ತದೆಯೋ ಎಂಬುದು ನಿಂತಿದೆ. ಚೀಟಿ ಇಟ್ಟು ಸಿಕ್ಕಿಬಿದ್ದರೆ ಆ ಮಾತು ಬೇರೆ. ಆಗ ದಂಡ ಇರಬೇಕು.

ಇನ್ನು ಹಿಂದಿನ ಬೆಂಚಿನ ನನ್ನ ಹುಡುಗನಿಗೆ ಉತ್ತರ. ಹೌದಪ್ಪಾ, ಅಷ್ಟೊಂದು ದುಡ್ಡಿನ ಕಾರೂ ಕೆಡುತ್ತದೆ. ಶಾಖ, ಘರ್ಷಣೆ, ಕಂಪನಗಳಿಗೆ ಕಾರಿನ ಬೆಲೆ ಎಷ್ಟೆಂದು ಗೊತ್ತಿಲ್ಲ. ಆದರೆ ಕೆಟ್ಟಿದೆ ಎಂದು ತಾನೇ ಹೇಳಿ ಸರಿಮಾಡಿಸಿಕೊಂಡ ಗಾಡಿ ಡಕೋಟಾ ಅಲ್ಲ. ಕೆಟ್ಟದ್ದನ್ನು ಮುಚ್ಚಿಟ್ಟುಕೊಂಡು ಓಡುವುದೇ ಡಕೋಟಾ.

ಮುಂದಿನ ಸೋಮವಾರ ಬರುವಾಗ ನಿಮ್ಮ ಮನೆಯ ಸ್ಕೂಟರಿನ ಚಾಸಿಸ್ ನಂಬರ್ ಬರೆದುಕೊಂಡು ಬಾ. ಇಬ್ಬರೂ ಕೂತು ನೋಡೋಣ.